ಮಂಡಿಗೆಯ ನಾಡಿನಲ್ಲಿ ಅಕ್ಕಿ ಹಾಳೆಯ ಸುರುಳಿ

ಕೈಗೆಟುಕದ ಸುಖವನ್ನು ನೆನೆದು ಹಿಗ್ಗುವವರನ್ನು ಕಂಡು ‘ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಾನೆ’ ಎನ್ನುವುದುಂಟು. ಮರಾಠಿಯಲ್ಲೂ ಇದೇ ಮಾತಿದೆ. ಈ ಎರಡೂ ನುಡಿಗಳು ಬೆರೆತ ಬೆಳಗಾವಿಯಲ್ಲಿ ಮಾತ್ರ ಮಂಡಿಗೆ ಬರೀ ಮನಸ್ಸಿನ ತಿನಿಸಲ್ಲ. ಮದುವೆಯ ಪಂಕ್ತಿಯಲ್ಲಿ ಎಲೆಗೆ ಬೀಳುವ ಭಕ್ಷ್ಯ. ಧಾನ್ಯವನ್ನು ಕಾಗದದಷ್ಟು ತೆಳ್ಳಗಾಗಿಸುವ ಈ ವಿದ್ಯೆಗೆ ದೂರದ ವಿಯೆಟ್ನಾಮಿನಲ್ಲೊಂದು ಜೋಡಿಯಿದೆ. ಅದು ‘ಗೊಯ್ ಕುವಾನ್’, ಎಣ್ಣೆಯಲ್ಲಿ ಕರಿಯದ ಹಸಿ ತರಕಾರಿಯ ಸುರುಳಿ.

ಮಂಡಿಗೆಯ ಇತಿಹಾಸ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮಂಡಕ’ದ ಪ್ರಸ್ತಾಪವಿದೆ. ಇಂದಿಗೂ ಬೆಳಗಾವಿಯಲ್ಲಿ ಸಕ್ಕರೆ, ಖವಾ ತುಂಬಿದ ಗೋಧಿ ಕಣಕವನ್ನು ಲಟ್ಟಿಸಿ, ಕೈಮೇಲೆ ಬೀಸಿ ಹಿಗ್ಗಿಸಿ, ಬೋರಲು ಹಾಕಿದ ಕಾದ ಕಡಾಯಿಯ ಮೇಲೆ ಬೇಯಿಸುತ್ತಾರೆ. ಬಿಸಿಯಿರುವಾಗಲೇ ಮಡಿಸಬೇಕು, ತಡವಾದರೆ ಮುರಿಯುತ್ತದೆ.

ಗೋಧಿಯಲ್ಲಿ ಅಂಟಿದೆ, ಆದ್ದರಿಂದ ಕಣಕ ಹಿಗ್ಗುತ್ತದೆ. ಅಕ್ಕಿಯಲ್ಲಿ ಆ ಅಂಟು ಇಲ್ಲ. ಅದನ್ನು ತೆಳ್ಳಗಾಗಿಸಬೇಕಾದರೆ ನೀರಾಗಿಸಿ ಹರಡುವುದೊಂದೇ ದಾರಿ. ಮಲೆನಾಡಿನ ಗೃಹಿಣಿಯರು ಈ ದಾರಿಯನ್ನೇ ಹಿಡಿದರು. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ಕಲಸಿ, ಬೋರಲು ಮಡಕೆಯ ಮೇಲೆ ಬಟ್ಟೆಯಿಂದ ತೊಡೆದು ಎಬ್ಬಿಸುವ ತಿನಿಸೇ ‘ತೊಡೆದೇವು’. ವಿಯೆಟ್ನಾಮಿನವರು ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಟ್ಟೆಯನ್ನು ಬಿಗಿದು, ಅದರ ಮೇಲೆ ಹಿಟ್ಟು ಹರಡಿ, ಹಬೆಯಲ್ಲಿ ಬೇಯಿಸಿ, ಬಿದಿರಿನ ತಟ್ಟಿಯ ಮೇಲೆ ಬಿಸಿಲಿಗಿಟ್ಟರು. ಹೀಗೆ ಒಣಗಿದ ಹಾಳೆಯೇ ‘ಬಾನ್ ತ್ರಾಂಗ್’.

ಒಣಗಿದ ಹಾಳೆ ನೀರು ತಗುಲಿದೊಡನೆ ಮೆತ್ತಗಾಗುವುದೇಕೆ? ನೇಕಾರರ ಬಡಾವಣೆಯಾದ ಖಾಸಬಾಗದಲ್ಲಿ ಇದನ್ನು ವಿವರಿಸುವುದು ಕಷ್ಟವಲ್ಲ. ಕೈಮಗ್ಗದ ಹಾಸುನೂಲಿಗೆ ಗಂಜಿ ಕೊಡುವವರಿಗೆ ಗೊತ್ತು: ಬೆಂದ ಪಿಷ್ಟ ಒಣಗಿದಾಗ ಸೆಟೆದು ನಿಲ್ಲುತ್ತದೆ, ನೀರು ಕುಡಿದರೆ ಮತ್ತೆ ಬಾಗುತ್ತದೆ. ಎರಡು ಕಡೆಯೂ ಕೆಲಸ ಮಾಡುವುದು ಈ ಒಂದೇ ಗುಣ.

ವಿಯೆಟ್ನಾಮಿನಲ್ಲಿ ಈ ಸುರುಳಿಗೆ ಸಾಮಾನ್ಯವಾಗಿ ಸಿಗಡಿ, ಹಂದಿಮಾಂಸ ಸೇರುತ್ತವೆ. ಆದರೆ ಅಲ್ಲಿನ ಅನೇಕ ಬೌದ್ಧರು ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ ಬಿಡುತ್ತಾರೆ. ಆ ವ್ರತದ ಅಡುಗೆಗೆ ‘ಚಾಯ್’ ಎಂದು ಹೆಸರು. ಹಾಲು, ತುಪ್ಪವೂ ಬೇಡವೆನ್ನುವವರಿಗೆ ಒಪ್ಪುವುದು ಈ ಬಗೆಯ ಸುರುಳಿ.

ಮನೆಯಲ್ಲಿ ಇದನ್ನು ಮಾಡಲು ಒಲೆ ಬೇಕಾಗುವುದು ಅಕ್ಕಿ ಶ್ಯಾವಿಗೆ ಬೇಯಿಸಲು ಮತ್ತು ಶೇಂಗಾ ಹುರಿಯಲು ಮಾತ್ರ. ಹಾಳೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಕೆಲವು ಕ್ಷಣ ಅದ್ದಿ, ಇನ್ನೂ ತುಸು ಬಿರುಸಾಗಿರುವಾಗಲೇ ಒದ್ದೆ ಬಟ್ಟೆಯ ಮೇಲೆ ಹಾಸಬೇಕು. ಕೆಳಗಿನ ಅಂಚಿನ ಬಳಿ ಶ್ಯಾವಿಗೆ, ಉದ್ದಕ್ಕೆ ಹೆಚ್ಚಿದ ಗಜ್ಜರಿ, ಸವತೆಕಾಯಿ, ಪುದೀನ, ಕೊತ್ತಂಬರಿ ಇಟ್ಟು, ಒಂದು ಸುತ್ತು ಸುತ್ತಿ, ಎರಡೂ ಬದಿಗಳನ್ನು ಒಳಗೆ ಮಡಿಸಿ ಬಿಗಿಯಾಗಿ ಉರುಳಿಸಬೇಕು. ನಂಜಿಕೊಳ್ಳಲು ಹುರಿದ ಶೇಂಗಾ, ಬೆಲ್ಲ, ಹುಣಸೆ, ಮೆಣಸಿನಕಾಯಿ ಅರೆದರೆ ಸಾಕು. ಶೇಂಗಾ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು. ಬೆಳಗಾವಿಗೂ ವಿಯೆಟ್ನಾಮಿಗೂ ಇವು ಹೊರಗಿನಿಂದಲೇ ಬಂದವು. ಸುರುಳಿಯನ್ನು ಫ್ರಿಜ್ಜಿನಲ್ಲಿಟ್ಟರೆ ಹಾಳೆ ಬಿರುಸಾಗುವುದರಿಂದ ಕೂಡಲೇ ತಿನ್ನುವುದು ಲೇಸು.

ಅಕ್ಕಿ ಹಾಳೆ ಯಂತ್ರಕ್ಕೆ ಒಗ್ಗಿತು. ಆದ್ದರಿಂದಲೇ ಪೊಟ್ಟಣದಲ್ಲಿ ಕುಳಿತು ಸಮುದ್ರ ದಾಟಿ ಬರುತ್ತದೆ. ಮಂಡಿಗೆ ಇನ್ನೂ ಪಳಗಿದ ಕೈಯನ್ನೇ ನೆಚ್ಚಿಕೊಂಡಿದೆ, ಆ ಹದ ಬರಲು ವರ್ಷಗಳೇ ಬೇಕು. ಹೊಸ ತಿನಿಸನ್ನು ಕಲಿಯುವ ಉತ್ಸಾಹ ಹಳೆಯ ಕಡಾಯಿಯತ್ತಲೂ ಹರಿಯದಿದ್ದರೆ, ಮುಂದೆ ಬೆಳಗಾವಿಯವರೂ ಮಂಡಿಗೆಯನ್ನು ಮನಸ್ಸಿನಲ್ಲೇ ತಿನ್ನಬೇಕಾದೀತು.