ಮರಳಿನ ಮೇಲೆ ಬರೆದ ಲೆಕ್ಕ

ಹೊಸಕೆರೆಹಳ್ಳಿಯ ನಮ್ಮ ಮನೆಗೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಸ್ಪೇನಿನಲ್ಲಿ ಸ್ನೇಹಿತರ ಮನೆಯಲ್ಲಿದ್ದು ಬಂದ ಸುದ್ದಿಯನ್ನು ಸಂಭ್ರಮದಿಂದ ಹೇಳುತ್ತಾರೆ. ಆಗ ನನಗೆ ಆ ಕಡೆಯಿಂದ ನಮ್ಮ ನಾಡಿಗೆ ಬಂದಿದ್ದ ಒಬ್ಬ ಅತಿಥಿಯ ನೆನಪಾಗುತ್ತದೆ.

ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಗೋವೆಯಿಂದ ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಇಕ್ಕೇರಿಗೆ ಬಂದನು. 1580ರಿಂದ 1640ರವರೆಗೆ ಸ್ಪೇನಿನ ದೊರೆಯೇ ಪೋರ್ಚುಗಲ್ಲಿಗೂ ದೊರೆಯಾಗಿದ್ದುದರಿಂದ ಗೋವೆಯೂ ಅವನ ಆಳ್ವಿಕೆಗೆ ಸೇರಿತ್ತು. ಅಲ್ಲಿಂದ ಕೆಳದಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ರಾಯಭಾರಿಯ ಜೊತೆಗೆ ಇವನೂ ಸೇರಿಕೊಂಡನು. ರಾಯಭಾರಿಗೆ ಕಾಳುಮೆಣಸಿನ ವ್ಯವಹಾರದ ಚಿಂತೆ. ಇವನಿಗೆ ನಾಡನ್ನು ನೋಡುವ ಹಂಬಲ.

ಇಕ್ಕೇರಿಯ ದಾರಿಯಲ್ಲಿ, ಒಂದು ದೇವಾಲಯದ ಜಗುಲಿಯ ಮೇಲೆ ನಾಲ್ವರು ಬಾಲಕರು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಕಂಡನು. ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ, ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದವರು ಹಾಗೆಯೇ ಹಾಡಿ ಬರೆಯುವರು. ಗುರುಗಳು ಎದುರಿಗಿರಲಿಲ್ಲ. ಮರೆತರೆ ತಿದ್ದುವವರು ಯಾರೆಂದು ಅತಿಥಿ ಕೇಳಿದನು. ನಾಲ್ವರೂ ಒಂದೇ ಕಡೆ ತಪ್ಪುವುದು ಸಾಧ್ಯವಿಲ್ಲ, ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತೇವೆ ಎಂದು ಬಾಲಕರು ಉತ್ತರಿಸಿದರು.

ಇದನ್ನೆಲ್ಲ ಅವನು ನೇಪಲ್ಸಿನಲ್ಲಿದ್ದ ಗೆಳೆಯನಿಗೆ ಪತ್ರದಲ್ಲಿ ಬರೆದನು. ಭಾರತದ ಪತ್ರಗಳು 1663ರಲ್ಲಿ ಅಚ್ಚಾದವು.

ನಲವತ್ತು ಮಕ್ಕಳ ತರಗತಿಯಲ್ಲಿ ನಾವು ಮೇಷ್ಟರುಗಳು ಮೊದಲು ಬಯಸುತ್ತಿದ್ದುದು ಮೌನವನ್ನು. ಆ ಜಗುಲಿಯಲ್ಲಿ ಮಕ್ಕಳ ದನಿಯೇ ಗುರುವಾಗಿತ್ತು. ರಾಯಭಾರದ ಮಾತುಕತೆಗಳು ಮುಗಿದುಹೋದವು, ಇಕ್ಕೇರಿಯ ಅರಮನೆ ಅಳಿದುಹೋಯಿತು. ಹೆಸರು ತಿಳಿಯದ ಆ ನಾಲ್ವರ ಪಾಠ ಮಾತ್ರ ಉಳಿಯಿತು. ದಾರಿಹೋಕನೊಬ್ಬನು ನಿಂತು, ಕೇಳಿ, ಬರೆದಿಟ್ಟನೆಂಬುದೇ ಅದಕ್ಕೆ ಕಾರಣ. ಪರದೇಶದಲ್ಲಿ ನೀವೂ ಅರಮನೆಗಳನ್ನು ನೋಡಿ. ಮಕ್ಕಳು ಕಲಿಯುವ ಜಗುಲಿಯ ಬಳಿಯೂ ಕ್ಷಣಕಾಲ ನಿಲ್ಲಿ.