ಬಳಸಿದ ಕಾರನ್ನು ಕೊಳ್ಳುವ ಮುನ್ನ ಸ್ವತಂತ್ರ ತಪಾಸಣೆ: ಖರೀದಿದಾರರಿಗೆ ಮಾಹಿತಿ

ಬಳಸಿದ ಕಾರಿನ ಮಾಲೀಕತ್ವ ವರ್ಗಾವಣೆಗೆ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಅನೇಕರು, ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವರ್ಗಾವಣೆ ದಾಖಲಾಯಿತೆಂದರೆ ವಾಹನವು ಸುಸ್ಥಿತಿಯಲ್ಲಿದೆ ಎಂದು ಸರ್ಕಾರವೇ ದೃಢೀಕರಿಸಿದಂತಾಯಿತು ಎಂದು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ವಾಹನವು ಯಾರ ಹೆಸರಿನಲ್ಲಿದೆ, ಯಾವ ವರ್ಷ ತಯಾರಾಗಿದೆ, ಅದರ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳು ಯಾವುವು, ಅದರ ಮೇಲೆ ಸಾಲದ ಕರಾರು ಇದೆಯೇ ಎಂಬ ವಿವರಗಳನ್ನು ಮಾತ್ರ ನೋಂದಣಿ ಪ್ರಮಾಣಪತ್ರವು ತಿಳಿಸುತ್ತದೆ. ಕಾರು ಅಪಘಾತಕ್ಕೆ ಈಡಾಗಿತ್ತೇ, ನೆರೆಯ ನೀರಿನಲ್ಲಿ ನಿಂತಿತ್ತೇ, ಎಂಜಿನ್ ಆಯಿಲ್ ಸುಡುತ್ತಿದೆಯೇ ಎಂಬುದು ಅದರಲ್ಲಿ ಇರುವುದಿಲ್ಲ.

ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದ ಮೇರೆಗೆ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳ ಕಾಲ ಊರ್ಜಿತದಲ್ಲಿರುತ್ತದೆ. ಟ್ಯಾಕ್ಸಿ, ಲಾರಿ ಮುಂತಾದ ಸಾರಿಗೆ ವಾಹನಗಳಿಗೆ ಕಾಲಕಾಲಕ್ಕೆ ನಡೆಯುವ ಎಫ್.ಸಿ. ಪರೀಕ್ಷೆ ಈ ಅವಧಿಯಲ್ಲಿ ಖಾಸಗಿ ಕಾರಿಗೆ ಇರುವುದಿಲ್ಲ. ಅಂದರೆ ಹತ್ತು ವರ್ಷ ಓಡಿ ಮೂರು ಮಾಲೀಕರ ಕೈ ದಾಟಿದ ಕಾರಿನ ಯಾಂತ್ರಿಕ ಸ್ಥಿತಿಯನ್ನು ಯಾವ ಅಧಿಕಾರಿಯೂ ಒಮ್ಮೆಯೂ ಪೂರ್ಣವಾಗಿ ಪರೀಕ್ಷಿಸದೆ ಇರುವುದು ಸಾಧ್ಯ. ಆ ಕೆಲಸವನ್ನು ಖರೀದಿದಾರರೇ ತಮ್ಮ ಖರ್ಚಿನಲ್ಲಿ ಮಾಡಿಸಿಕೊಳ್ಳಬೇಕಾಗುತ್ತದೆ.

ಕಾನೂನಿನ ಸ್ಥಿತಿ

ಸರಕು ಮಾರಾಟ ಅಧಿನಿಯಮ, 1930ರ 16ನೇ ಪ್ರಕರಣವು, ಅಲ್ಲಿ ಹೇಳಿರುವ ಸಂದರ್ಭಗಳನ್ನು ಬಿಟ್ಟು, ಕೊಂಡವನೇ ಎಚ್ಚರವಹಿಸಬೇಕು ಎಂಬ ತತ್ವವನ್ನು ಅನುಸರಿಸುತ್ತದೆ. ನೆರೆಮನೆಯವರಿಂದಲೋ ಪರಿಚಿತರಿಂದಲೋ ಕಾರು ಕೊಂಡಾಗ ಅದರ ಗುಣಮಟ್ಟದ ಬಗ್ಗೆ ಕಾನೂನು ತಾನಾಗಿ ಯಾವ ಭರವಸೆಯನ್ನೂ ಸಾಮಾನ್ಯವಾಗಿ ಸೇರಿಸುವುದಿಲ್ಲ. ಕಾರು ವ್ಯಾಪಾರವನ್ನೇ ವೃತ್ತಿಯಾಗಿ ಮಾಡುವವರಿಂದ ಕೊಂಡಾಗ ಸ್ವಲ್ಪ ರಕ್ಷಣೆ ದೊರೆಯುತ್ತದೆ. ಆದರೆ ಖರೀದಿದಾರರು ಕಾರನ್ನು ಪರೀಕ್ಷಿಸಿದ್ದಲ್ಲಿ, ಆ ಪರೀಕ್ಷೆಯಲ್ಲಿ ಕಂಡುಬರಬೇಕಾಗಿದ್ದ ದೋಷದ ಬಗ್ಗೆ ಅನಂತರ ತಕರಾರು ಎತ್ತಲು ಬರುವುದಿಲ್ಲ. ಸಂಜೆಯ ಹೊತ್ತು ಒಂದು ಸುತ್ತು ಓಡಿಸಿ ನೋಡಿದ್ದೂ ಪರೀಕ್ಷೆಯೆಂದೇ ಎಣಿಕೆಯಾಗಬಹುದು. ಅರೆಬರೆ ಪರೀಕ್ಷೆಯಿಂದ ಹೀಗೆ ಎರಡು ನಷ್ಟ: ದೋಷವೂ ತಿಳಿಯುವುದಿಲ್ಲ, ಕೇಳುವ ಹಕ್ಕೂ ಕುಂದುತ್ತದೆ.

ತಪಾಸಣೆ ಮಾಡುವವರು

ಸ್ವತಂತ್ರ ತಪಾಸಣೆ ಎಂದರೆ ಮಾರಾಟ ನಡೆದರೂ ನಡೆಯದಿದ್ದರೂ ಲಾಭನಷ್ಟವಿಲ್ಲದ ವ್ಯಕ್ತಿಯು, ಖರೀದಿದಾರರಿಂದಲೇ ಶುಲ್ಕ ಪಡೆದು ಮಾಡುವ ತಪಾಸಣೆ. ಮಧ್ಯವರ್ತಿಯು ಕರೆತಂದ ಮೆಕ್ಯಾನಿಕ್ ಸ್ವತಂತ್ರನಲ್ಲ. ಮಾರಾಟ ಸಂಸ್ಥೆಯು ತಾನೇ ನಡೆಸಿ ಕೊಡುವ, ನೂರಾರು ಅಂಶಗಳ ಪಟ್ಟಿಯುಳ್ಳ ವರದಿಯೂ ಮಾರುವವರ ಹೇಳಿಕೆಯೇ ಹೊರತು ಮೂರನೆಯವರ ಅಭಿಪ್ರಾಯವಲ್ಲ. ಆ ಕಾರಿನ ತಯಾರಿಕಾ ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರ, ತಪಾಸಣೆಯನ್ನೇ ವೃತ್ತಿಯಾಗಿಸಿಕೊಂಡ ಸಂಸ್ಥೆ ಅಥವಾ ಖರೀದಿದಾರರು ಬಹುಕಾಲದಿಂದ ಬಲ್ಲ ಗ್ಯಾರೇಜು, ಇವುಗಳಲ್ಲಿ ಯಾವುದಾದರೂ ಆಗಬಹುದು. ಕಾರನ್ನು ಲಿಫ್ಟ್ ಮೇಲೆ ಎತ್ತಿ ತಳಭಾಗ ನೋಡುವ ಸೌಲಭ್ಯ ಮತ್ತು ಸ್ಕ್ಯಾನರ್ ಅಲ್ಲಿರಬೇಕು. ವರದಿಯನ್ನು ಲಿಖಿತವಾಗಿ, ದಿನಾಂಕ ಮತ್ತು ಚಾಸಿಸ್ ಸಂಖ್ಯೆ ಸಹಿತ ಪಡೆಯಬೇಕು.

ಮುಂಗಡ ಕೊಡುವ ಮೊದಲೇ ತಪಾಸಣೆ ಆಗತಕ್ಕದ್ದು. ಮುಂಗಡ ಕೊಡಲೇಬೇಕಾದ ಸಂದರ್ಭ ಬಂದರೆ, ವರದಿ ಪ್ರತಿಕೂಲವಾಗಿದ್ದಲ್ಲಿ ಹಣವನ್ನು ಪೂರ್ಣವಾಗಿ ಹಿಂದಿರುಗಿಸುವುದಾಗಿ ರಸೀದಿಯಲ್ಲಿಯೇ ಬರೆಯಿಸಿಕೊಳ್ಳಬೇಕು. ಕಾರನ್ನು ಬೇರೆ ಗ್ಯಾರೇಜಿಗೆ ಒಯ್ಯಲು ಒಪ್ಪದ ಮಾರಾಟಗಾರರಿಂದ ಕೊಳ್ಳದಿರುವುದೇ ಲೇಸು.

ತಪಾಸಣೆಯಲ್ಲಿ ಗಮನಿಸತಕ್ಕ ಅಂಶಗಳು

ಎಂಜಿನ್ ತಣ್ಣಗಿರುವಾಗಲೇ ತಪಾಸಣೆ ಪ್ರಾರಂಭವಾಗಬೇಕು. ಖರೀದಿದಾರರು ಬರುವ ಮೊದಲೇ ಬಾನೆಟ್ ಬಿಸಿಯಾಗಿದ್ದರೆ, ಬೆಳಗಿನ ಸ್ಟಾರ್ಟಿಂಗ್ ತೊಂದರೆಯನ್ನು ಮರೆಮಾಚಲು ಎಂಜಿನ್ ಓಡಿಸಿರಬಹುದು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಎಂದೂ, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸೇರುತ್ತಿದೆ ಎಂದೂ ಶಂಕಿಸಬೇಕು. ಆಯಿಲ್ ಮುಚ್ಚಳದ ಒಳಭಾಗದಲ್ಲಿ ಹಾಲಿನ ಕೆನೆಯಂತಹ ಪದಾರ್ಥ ಕಂಡುಬಂದರೂ ಕಾರಣ ವಿಚಾರಿಸಬೇಕು.

ಅಪಘಾತದ ಗುರುತು ಬಣ್ಣದಲ್ಲಿ ಸಿಗುತ್ತದೆ. ಕಾರ್ಖಾನೆಯ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಟಿಂಕರಿಂಗ್ ಮಾಡಿ ಪುಟ್ಟಿ ಬಳಿದು ಮತ್ತೆ ಬಣ್ಣ ಹೊಡೆದ ಬಾಗಿಲಿನಲ್ಲಿ ಇದು ಹಲವು ಪಟ್ಟು ಹೆಚ್ಚಿರುವುದನ್ನು ಸಣ್ಣ ಮಾಪಕವೊಂದು ಕ್ಷಣದಲ್ಲಿ ತೋರಿಸುತ್ತದೆ. ಒಂದು ಬಾಗಿಲಿಗೆ ಬಣ್ಣವಾಗಿದ್ದರೆ ಅಷ್ಟು ಚಿಂತಿಸಬೇಕಿಲ್ಲ. ನಗರದಲ್ಲಿ ಉಜ್ಜದ ಕಾರು ಅಪರೂಪ. ಆದರೆ ಬಾನೆಟ್ಟಿನ ಕೆಳಗಿನ ಉಕ್ಕಿನ ಚೌಕಟ್ಟು, ಬಾಗಿಲ ಕಂಬಗಳು ಅಥವಾ ಡಿಕ್ಕಿಯ ನೆಲ ಬಾಗಿ ವೆಲ್ಡಿಂಗ್ ಆಗಿದ್ದರೆ ಆ ಕಾರನ್ನು ಬಿಡುವುದು ಒಳ್ಳೆಯದು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಅದು ಹೊತ್ತದೇ ಇದ್ದರೆ ಒಮ್ಮೆ ಸಿಡಿದ ಏರ್‌ಬ್ಯಾಗನ್ನು ಬದಲಿಸದೆ ದೀಪವನ್ನೇ ಕಿತ್ತಿರುವ ಸಾಧ್ಯತೆ ಇದೆ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರ ವರ್ತುಲ ರಸ್ತೆಯ ಪ್ರದೇಶಗಳಲ್ಲಿ ನೆರೆ ಬಂದಿತ್ತು. ನೀರಿನಲ್ಲಿ ಮುಳುಗಿದ ಕಾರನ್ನು ತೊಳೆದು ಪಾಲಿಶ್ ಮಾಡಿದರೆ ಹೊರನೋಟಕ್ಕೆ ಏನೂ ತಿಳಿಯುವುದಿಲ್ಲ. ವಿದ್ಯುತ್ ತಂತಿಗಳ ದೋಷ ತಿಂಗಳುಗಳ ನಂತರ ತಲೆದೋರುತ್ತದೆ. ಇದಕ್ಕಾಗಿ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಬೇಕು: ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಕಾರ್ಪೆಟ್ ಅಡಿಯ ಮುಗ್ಗಲು ವಾಸನೆ, ಸ್ಟೆಪ್ನಿ ಇಡುವ ಗುಂಡಿಯಲ್ಲಿನ ಹೂಳು, ವೈರಿಂಗ್ ಜೋಡಣೆಗಳಲ್ಲಿನ ಹಸಿರು ಕಿಲುಬು ಇವೂ ಅದೇ ಸುಳಿವನ್ನು ಕೊಡುತ್ತವೆ.

ಮೀಟರ್ ಹಿಂದಕ್ಕೆ ತಿರುಗಿಸಿದ್ದನ್ನು ಮೀಟರಿನಿಂದ ಕಂಡುಹಿಡಿಯಲಾಗುವುದಿಲ್ಲ. ಸರ್ವಿಸ್ ಕೇಂದ್ರದ ದಾಖಲೆಯಲ್ಲಿ ಪ್ರತಿ ಸರ್ವಿಸಿನ ಕಿಲೋಮೀಟರ್ ಬರೆದಿರುತ್ತದೆ. 2021ರ ಸರ್ವಿಸ್ ದಾಖಲೆಯಲ್ಲಿ 78,000 ಎಂದಿದ್ದು ಈಗ ಮೀಟರ್ 52,000 ತೋರಿಸುತ್ತಿದ್ದರೆ ಬೇರೆ ಪುರಾವೆ ಬೇಕಿಲ್ಲ. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುತ್ತವೆ. 2319 ಎಂದರೆ 2019ರ 23ನೇ ವಾರ. ಕೇವಲ ಇಪ್ಪತ್ತು ಸಾವಿರ ಕಿಲೋಮೀಟರ್ ಓಡಿದೆ ಎನ್ನುವ ಕಾರಿಗೆ ಹೊಸ ಟೈರುಗಳಿದ್ದರೆ ಕಾರಣ ಕೇಳಬೇಕು. ಟೈರಿನ ಗೆರೆಗಳ ಆಳ ಕಾರಿಗೆ 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು.

ದಾಖಲೆಗಳನ್ನು ತಾಳೆ ನೋಡುವುದು

ಕಾರಿನ ಮೇಲೆ ಕೊರೆದಿರುವ 17 ಅಕ್ಷರ-ಅಂಕಿಗಳ ಚಾಸಿಸ್ ಸಂಖ್ಯೆಯನ್ನು ನೋಂದಣಿ ಪ್ರಮಾಣಪತ್ರದೊಡನೆ ಖುದ್ದಾಗಿ ಹೋಲಿಸಬೇಕು. ಉಜ್ಜಿದ, ವೆಲ್ಡಿಂಗ್ ಮಾಡಿದ ಗುರುತಿದ್ದರೆ ಮುಂದುವರಿಯಬಾರದು. ಬಣ್ಣ ಬದಲಾಗಿದ್ದರೆ ಅಥವಾ ಸಿ.ಎನ್.ಜಿ. ಕಿಟ್ ಜೋಡಿಸಿದ್ದರೆ ಅದು ಪ್ರಮಾಣಪತ್ರದಲ್ಲಿ ನಮೂದಾಗಿರಬೇಕು. ಸಾಲ, ವಿಮೆ ಮತ್ತು ನೋಂದಣಿಯ ಅವಧಿಯನ್ನು ವಾಹನ್ ಜಾಲತಾಣದಲ್ಲಿಯೂ, ಬಾಕಿ ದಂಡವನ್ನು ಸಂಚಾರ ಪೊಲೀಸರ ಇ-ಚಲನ್ ವ್ಯವಸ್ಥೆಯಲ್ಲಿಯೂ ನೋಡಬಹುದು.

ವಿಮಾ ಪಾಲಿಸಿಯನ್ನು ಹೆಚ್ಚಿನವರು ಮುಕ್ತಾಯದ ದಿನಾಂಕಕ್ಕಾಗಿ ಮಾತ್ರ ನೋಡುತ್ತಾರೆ. ಅದರಲ್ಲಿ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿಯೂ ನಮೂದಾಗಿರುತ್ತದೆ. ಕ್ಲೇಮ್ ಇಲ್ಲದೆ ಕಳೆದ ಪ್ರತಿ ವರ್ಷಕ್ಕೂ ಅದು 20, 25, 35, 45, 50 ಪ್ರತಿಶತ ಎಂದು ಏರುತ್ತದೆ. ಕ್ಲೇಮ್ ಮಾಡಿದರೆ ಶೂನ್ಯಕ್ಕೆ ಇಳಿಯುತ್ತದೆ. ಒಬ್ಬರೇ ಮಾಲೀಕರ ಬಳಿಯಿದ್ದ ಆರು ವರ್ಷದ ಕಾರಿಗೆ ಶೂನ್ಯ ಅಥವಾ 20 ಪ್ರತಿಶತ ಇದ್ದರೆ ಇತ್ತೀಚೆಗೆ ರಿಪೇರಿಯ ಕ್ಲೇಮ್ ಆಗಿರಬಹುದು. ಮಾಲೀಕರು ಬೋನಸ್ಸನ್ನು ತಮ್ಮ ಹೊಸ ಕಾರಿಗೆ ವರ್ಗಾಯಿಸಿಕೊಂಡಿರುವುದೂ, ಪಾಲಿಸಿ ನಡುವೆ ನಿಂತಿರುವುದೂ ಉಂಟು. ಆದುದರಿಂದ ನಿರ್ಣಯಕ್ಕೆ ಬರುವ ಮೊದಲು ಕೇಳಿ ತಿಳಿಯಬೇಕು.

ವರದಿ ಬಂದ ನಂತರ

ವರದಿಯ ದೋಷಗಳಿಗೆ ತಗಲುವ ರಿಪೇರಿ ವೆಚ್ಚದ ಅಂದಾಜು ಪಡೆದು ಬೆಲೆಯಲ್ಲಿ ಕಡಿತ ಕೇಳುವುದು ರೂಢಿ. ಕಿಲೋಮೀಟರ್, ಅಪಘಾತ ಮತ್ತು ನೆರೆಯ ಬಗ್ಗೆ ಮಾರಾಟಗಾರರ ಹೇಳಿಕೆಯನ್ನು ಕರಾರಿನಲ್ಲಿ ಬರೆಯಿಸಿ ಸಹಿ ಪಡೆಯಬೇಕು. ಬಾಯಿಮಾತನ್ನು ಮುಂದೆ ರುಜುವಾತುಪಡಿಸುವುದು ಕಷ್ಟ. ವ್ಯಾಪಾರಿಯಿಂದ ಕೊಳ್ಳುವವರು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಮೇರೆಗೆ ಅವರು ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದಿದ್ದಾರೆಯೇ ಎಂದು ವಿಚಾರಿಸಬೇಕು.

ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ನಮೂನೆ 29ರಲ್ಲಿ ವರದಿ ಮಾಡಬೇಕು. ಕೊಂಡವರು 30 ದಿನಗಳೊಳಗೆ ನಮೂನೆ 30ರಲ್ಲಿ ವರ್ಗಾವಣೆ ಕೋರಬೇಕು. ಸಾಲ ತೀರಿದ್ದರೆ ನಮೂನೆ 35, ಹೊರರಾಜ್ಯದ ಕಾರಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಅಗತ್ಯ. ಹೊರರಾಜ್ಯದ ಕಾರಿಗೆ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕಾಗುವುದರಿಂದ ಅಗ್ಗವೆಂದು ತೋರಿದ ಬೆಲೆ ಹಾಗೆ ಉಳಿಯುವುದಿಲ್ಲ. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಖರೀದಿದಾರರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು; ಮೂರನೆಯ ವ್ಯಕ್ತಿಯ ವಿಮೆ ಕಾರಿನೊಂದಿಗೆ ಬರುತ್ತದೆಯಾದರೂ, ಸ್ವಂತ ಕಾರಿನ ಹಾನಿಗೆ ಪರಿಹಾರ ಹೆಸರು ಬದಲಾಗದೆ ದೊರೆಯುವುದಿಲ್ಲ.

ಅರ್ಜಿ ನಮೂನೆ ಮತ್ತು ಶುಲ್ಕದ ವಿವರಗಳಿಗಾಗಿ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.