ರಕ್ತ ನುಡಿದ ಸಾಕ್ಷ್ಯ

ರಕ್ತಪರೀಕ್ಷೆಯ ಚೀಟಿಯಲ್ಲಿ ‘ಪಾಸಿಟಿವ್’ ಎಂದಿದ್ದರೆ ರೋಗ ಇದ್ದೇ ಇದೆಯೆಂದು ನಾವು ನೀವೆಲ್ಲ ನಂಬಿಬಿಡುತ್ತೇವಷ್ಟೆ. ಆ ನಂಬಿಕೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ವಾಸರ್‌ಮನ್ ಪರೀಕ್ಷೆಯ ಚರಿತ್ರೆಯಲ್ಲಿ ನೋಡಬಹುದು.

1906ರಲ್ಲಿ ಬರ್ಲಿನ್ನಿನ ಆಗಸ್ಟ್ ಫಾನ್ ವಾಸರ್‌ಮನ್ನರು ನೈಸರ್, ಬ್ರುಕ್ ಎಂಬಿಬ್ಬರೊಡಗೂಡಿ, ಸಿಫಿಲಿಸ್ ರೋಗವನ್ನು ರಕ್ತದಿಂದಲೇ ಗುರುತಿಸುವ ವಿಧಾನವೊಂದನ್ನು ಪ್ರಕಟಿಸಿದರು. ಭಾವಮಿಶ್ರನು ‘ಭಾವಪ್ರಕಾಶ’ದಲ್ಲಿ ಫಿರಂಗರೋಗವೆಂದು ಕರೆದದ್ದು ಇದನ್ನೇ. ಹೆಸರಿನಲ್ಲೇ ಪರದೇಶಿಯರ ಮೇಲೆ ಹೊರೆ ಹೊರಿಸಿದ್ದಾಯಿತು! ಈ ರೋಗದಿಂದ ಸತ್ತ ಶಿಶುವಿನ ಯಕೃತ್ತಿನಲ್ಲಿ ರೋಗಾಣು ತುಂಬಿರುತ್ತದೆ. ಅದರ ಸಾರವನ್ನು ರೋಗಿಯ ರಕ್ತದ ತಿಳಿಯೊಡನೆ ಸೇರಿಸಿದರೆ ರಕ್ತವು ತನ್ನ ಶತ್ರುವನ್ನು ಗುರುತು ಹಿಡಿದೀತು ಎಂಬುದು ಅವರ ತರ್ಕ. ಪರೀಕ್ಷೆಯೇನೋ ಫಲಿಸಿತು. ಆದರೆ ಮರುವರ್ಷವೇ ಒಂದು ವಿಚಿತ್ರ ಹೊರಬಿತ್ತು. ರೋಗವೇ ಇಲ್ಲದ ಪ್ರಾಣಿಯ ಹೃದಯದ ಸಾರದಿಂದಲೂ ಅದೇ ಫಲ ದೊರೆಯುತ್ತಿತ್ತು! ರಕ್ತ ಗುರುತಿಸುತ್ತಿದ್ದುದು ರೋಗಾಣುವನ್ನಲ್ಲ, ಮೈಯೊಳಗಿನ ಒಂದು ಬಗೆಯ ಕೊಬ್ಬಿನ ದ್ರವ್ಯವನ್ನು. 1941ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಎಂಬ ವಿದುಷಿ ಅದನ್ನು ದನದ ಹೃದಯದಿಂದ ಬೇರ್ಪಡಿಸಿ ಕಾರ್ಡಿಯೋಲಿಪಿನ್ ಎಂದು ಹೆಸರಿಟ್ಟರು.

ಹೀಗಾಗಿ ಮಲೇರಿಯ, ಕುಷ್ಠ ಮೊದಲಾದ ರೋಗಗಳುಳ್ಳವರ ರಕ್ತವೂ ಒಮ್ಮೊಮ್ಮೆ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿತ್ತು. ಮಾನಕ್ಕೆ ಸಂಬಂಧಿಸಿದ ರೋಗ. ಒಂದು ಸುಳ್ಳು ಸಾಕ್ಷ್ಯ ಮನೆಯನ್ನೇ ಮುರಿಯಬಲ್ಲದು. 1935ರಲ್ಲಿ ಅಮೆರಿಕದ ಕನೆಟಿಕಟ್ ಸಂಸ್ಥಾನ ಮದುವೆಗೆ ಮುನ್ನ ವಧೂವರರಿಬ್ಬರಿಗೂ ಇಂಥ ರಕ್ತಪರೀಕ್ಷೆಯನ್ನು ಕಡ್ಡಾಯಮಾಡಿತು. ಅನೇಕ ಸಂಸ್ಥಾನಗಳು ಅದನ್ನು ಅನುಸರಿಸಿದವು.

ಇಲ್ಲಿ ತುಸು ಲೆಕ್ಕ ಹಾಕಿ ನೋಡಿ. ಉದಾಹರಣೆಗಾಗಿ, ರೋಗಿಗಳಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿಯುವ, ನಿರೋಗಿಗಳಲ್ಲಿ ನೂರಕ್ಕೆ 5 ಮಂದಿಯನ್ನು ತಪ್ಪಾಗಿ ಹಿಡಿಯುವ ಪರೀಕ್ಷೆಯೊಂದು ಇದೆಯೆನ್ನೋಣ. ಆಸ್ಪತ್ರೆಗೆ ಬಂದ 1000 ಜನರಲ್ಲಿ 500 ಮಂದಿ ರೋಗಿಗಳಾಗಿದ್ದರೆ, ಸಿಕ್ಕಿಬಿದ್ದವರು 475. ಅವರಲ್ಲಿ ನಿರಪರಾಧಿಗಳು 25 ಮಾತ್ರ. ಅದೇ ಪರೀಕ್ಷೆಯನ್ನು ಮದುವೆಗೆ ನಿಂತ 1000 ಮಂದಿಗೆ ಮಾಡಿ, ಅವರಲ್ಲಿ ರೋಗಿಗಳು ಹತ್ತೇ ಮಂದಿ ಎನ್ನಿ. ನಿಜವಾಗಿ ಸಿಕ್ಕುವವರು 9, ಸುಮ್ಮನೆ ಸಿಕ್ಕಿಬೀಳುವವರು ಸುಮಾರು 50! ಪರೀಕ್ಷೆ ಬದಲಾಗಲಿಲ್ಲ, ಜನ ಬದಲಾದರು. ರೋಗಿಯನ್ನು ಬಿಡದೆ ಹಿಡಿಯುವ ಶಕ್ತಿಯನ್ನೂ ನಿರೋಗಿಯನ್ನು ಹಿಡಿಯದೆ ಬಿಡುವ ಶಕ್ತಿಯನ್ನೂ ಬೇರೆಬೇರೆಯಾಗಿಯೇ ಅಳೆಯಬೇಕೆಂದು ಸಂಖ್ಯಾಶಾಸ್ತ್ರಜ್ಞ ಯೆರುಶಾಲ್ಮಿ 1947ರಲ್ಲಿ ಎಕ್ಸ್‌ರೇ ಪರೀಕ್ಷೆಯ ಸಂದರ್ಭದಲ್ಲಿ ವಿವರಿಸಿದರು.

1949ರಲ್ಲಿ ನೆಲ್ಸನ್ ಮತ್ತು ಮೇಯರ್ ಎಂಬವರು ಜೀವಂತ ರೋಗಾಣುವನ್ನೇ ಬಳಸುವ ಪರೀಕ್ಷೆಯನ್ನು ರೂಪಿಸಿದ ಮೇಲೆ, ಹಳೆಯ ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರನ್ನು ಮರಳಿ ಪರೀಕ್ಷಿಸುವುದು ಸಾಧ್ಯವಾಯಿತು. ಅವರಲ್ಲಿ ಕೆಲವರಿಗೆ ಸಿಫಿಲಿಸ್ ಎಂದೂ ಬಂದೇ ಇರಲಿಲ್ಲ. ಅಂಥವರಲ್ಲಿಯೇ ಕೆಲವರಿಗೆ ವರ್ಷಗಳು ಕಳೆದ ಮೇಲೆ ಲೂಪಸ್ ಎಂಬ ಬೇರೊಂದು ವ್ಯಾಧಿ ಕಾಣಿಸಿಕೊಂಡಿತು.